ಸೀಗಡಿಗಳಿಗೆ ಹಬ್ಬದ ನೀರು

ಶಿವಾಜಿನಗರಕ್ಕೆ ನಾನು ಹೋಗಿದ್ದು ಲೈನಿಂಗ್ ಬಟ್ಟೆ ತರೋಕೆ. ಮನೆಯಲ್ಲೇ ಕೂತು ರವಿಕೆ ಹೊಲಿಯುವುದು ನನ್ನ ಕಸುಬು. ತಿಂಗಳಿಗೊಂದು ಸಲ ಅಲ್ಲಿಗೆ ಹೋಗಿ ಹುಕ್ಕು, ಲೇಸು, ದಾರ, ಲೈನಿಂಗು ಎಲ್ಲ ಒಟ್ಟಿಗೆ ಹೊತ್ತು ತರುತ್ತೇನೆ. ಅವತ್ತು ಗಲ್ಲಿಯೊಳಗೆ ಒಂದು ಗೂಡ್ಸ್ ಆಟೋ ಅಡ್ಡ ನಿಂತು ದಾರಿ ಕಟ್ಟಿತ್ತು. ಅದು ಸರಿಯುವವರೆಗೆ ಅಂತ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತಿ ನಿಂತೆ. ಬಣ್ಣದ ಮೀನು ಮಾರುವ ಅಂಗಡಿ. ಬಾಗಿಲ ಹತ್ತಿರವೇ ಪಾಚಿ ಬೆಳೆದ ಒಂದು ಪುಟ್ಟ ಗಾಜಿನ ತೊಟ್ಟಿ ಇತ್ತು. ಒಳಗೆ ಮೀನಿಲ್ಲ. ಖಾಲಿ ತೊಟ್ಟಿಗೆ ಯಾಕೆ ಲೈಟು ಹಾಕಿದ್ದಾರಪ್ಪ ಅಂತ ಬಗ್ಗಿ ನೋಡಿದೆ. ಹಸಿರು ಪಾಚಿಯ ಮೇಲೆ ಕುಂಕುಮದ ಚುಕ್ಕಿಗಳು.

ಒಂದು ಚುಕ್ಕಿ ನಡೆಯಿತು!

ನಡೆದು, ನಿಂತು, ಕೈಯಂಥ ಎರಡು ಕಾಲಿನಿಂದ ಏನನ್ನೋ ಎತ್ತಿ ಬಾಯಿಗೆ ಹಾಕಿಕೊಂಡಿತು. ಒಂದು ಕೈ ಬಾಯಿಗೆ ಹೋಗುವಷ್ಟರಲ್ಲಿ ಇನ್ನೊಂದು ಕೈ ಮುಂದಿನ ತುತ್ತಿಗೆ ರೆಡಿ. ಮದುವೆ ಊಟಕ್ಕೆ ಕೂತವರ ಹಾಗೆ. ನೋಡ್ತಾ ನೋಡ್ತಾ ಹತ್ತು, ಹದಿನೈದು, ಇಪ್ಪತ್ತು ಕಾಣಿಸಿದವು. ಆಟೋ ಯಾವಾಗ ಹೋಯಿತೋ ನನಗೆ ಗೊತ್ತಿಲ್ಲ.

"ಇವು ತಿನ್ನೋದಾ ಭಾಯ್?" ಅಂತ ಅಂಗಡಿಯವರನ್ನು ಕೇಳಿದೆ. ಬಿಳಿ ಗಡ್ಡದ ಹಿರಿಯರು, ಸ್ಟೂಲಿನ ಮೇಲೆ ಕೂತು ಚಹಾ ಆರಿಸಿಕೊಳ್ಳುತ್ತಿದ್ದರು.

"ತಿನ್ನೋ ಸೀಗಡಿ ಅಲ್ಲಿ ಮಾರ್ಕೆಟ್‌ನಲ್ಲಿ, ಕಿಲೋ ಲೆಕ್ಕ. ಇದು ಪೀಸ್ ಲೆಕ್ಕ ಅಮ್ಮಾ. ಒಂದಕ್ಕೆ ನಲವತ್ತು. ಬರೀ ನೋಡೋದು."

ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಜೀವಕ್ಕೆ ನಲವತ್ತು ರೂಪಾಯಿ! ಆದರೂ ಚೌಕಾಸಿ ಮಾಡಲಿಲ್ಲ. ಹತ್ತು ಕೊಡಿ ಅಂದುಬಿಟ್ಟೆ. ಅವರು ಕೊಡಲಿಲ್ಲ.

"ಮೊದಲು ತೊಟ್ಟಿ ತಗೊಂಡೋಗಿ. ಮಣ್ಣು ಹಾಕಿ, ಗಿಡ ನೆಡಿ, ನೀರು ತುಂಬಿ ಒಂದು ತಿಂಗಳು ಖಾಲಿ ಓಡಿಸಿ. ನೀರು ಹದಕ್ಕೆ ಬರ್ಬೇಕು. ಆಮೇಲೆ ಬನ್ನಿ, ಕೊಡ್ತೀನಿ. ಇವತ್ತು ಕೊಟ್ರೆ ನಾಳೆ ಸಾಯ್ತವೆ, ನೀವು ಬಂದು ನನ್ ಹತ್ರ ಜಗಳ ಆಡ್ತೀರಿ."

ಹೀಗೆ ಲೈನಿಂಗ್ ಬಟ್ಟೆಗೆ ಹೋದವಳು ತೊಟ್ಟಿಯನ್ನು ಆಟೋದಲ್ಲಿಟ್ಟುಕೊಂಡು ವಿಮಾನಪುರದ ಹಿಂದಿನ ನಮ್ಮ ಬೀದಿಗೆ ಬಂದೆ. ಗುಂಡಿಗಳಲ್ಲಿ ಆಟೋ ಎಗರಿದಾಗಲೆಲ್ಲ ಗಾಜನ್ನು ಅಪ್ಪಿಕೊಂಡೆ. ಸೀಗಡಿ ಅಗ್ಗ, ಅದರ ಸಂಸಾರ ದುಬಾರಿ ಅನ್ನುವುದು ಆ ತಿಂಗಳಲ್ಲೇ ತಿಳಿಯಿತು. ಗಿಡಕ್ಕೆಂದು ಬೇರೆಯದೇ ಮಣ್ಣು, ಒಂದು ಸಣ್ಣ ಚೀಲಕ್ಕೆ ಎಂಟುನೂರು. ಗಾಳಿ ಊದುವ ಪಂಪು, ಸ್ಪಂಜಿನ ಫಿಲ್ಟರು, ಲೈಟು. ಕರೆಂಟು ಹೋದರೆ ಓಡಲಿ ಅಂತ ಬ್ಯಾಟರಿಯ ಇನ್ನೊಂದು ಪಂಪು. ನೀರು ಪರೀಕ್ಷೆ ಮಾಡುವ ಹನಿ ಔಷಧಿಯ ಪುಟ್ಟ ಬಾಟಲಿಗಳು; ಅವುಗಳ ಬೆಲೆಯನ್ನು ಇವತ್ತಿಗೂ ಮನೆಯಲ್ಲಿ ಹೇಳಿಲ್ಲ. ಹೊಸ ಹೊಲಿಗೆ ಮೆಷಿನ್ನಿಗೆ ಅಂತ ಕೂಡಿಟ್ಟಿದ್ದ ದುಡ್ಡು ಅರ್ಧಕ್ಕಿಂತ ಕೆಳಗಿಳಿಯಿತು.

ನಮ್ಮ ಯಜಮಾನರು ವಿಮಾನ ಕಾರ್ಖಾನೆಯ ಮೆಷಿನ್ ಶಾಪಿನವರು. ಹುಟ್ಟಿದ್ದು ಇದೇ ಊರಿನ ಬೇಸಾಯದ ಮನೆಯಲ್ಲಿ. ಈಗ ಹೊಲವಿಲ್ಲ, ಹೊಲ ಇದ್ದ ಕಡೆ ನಾಲ್ಕು ಬಾಡಿಗೆ ಕೋಣೆಗಳಿವೆ. ಆದರೆ ಮಾತು ಮಾತ್ರ ಇವತ್ತಿಗೂ ಕುರಿ, ಹಸು, ರಾಗಿಯ ಮೇಲೆಯೇ ಹೋಗುತ್ತದೆ. ಆ ಇಡೀ ತಿಂಗಳು ಖಾಲಿ ತೊಟ್ಟಿ ಲೈಟು ಹಾಕಿಕೊಂಡು ಗುಳುಗುಳು ಅನ್ನುತ್ತಿದ್ದರೆ ಅವರು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: "ಎಲ್ಲರ ಮನೇಲೂ ನಾಯಿ ಸಾಕ್ತಾರೆ, ಬೆಕ್ಕು ಸಾಕ್ತಾರೆ. ನಮ್ಮನೇಲಿ ನೀರು ಸಾಕ್ತಿದ್ದಾಳೆ."

ಅದೇ ಅಂಗಡಿಯಲ್ಲಿ ಇನ್ನೊಂದು ಗಾಜಿನ ಪೆಟ್ಟಿಗೆ ಇತ್ತು. ಅದರಲ್ಲಿ ನೀರಿಲ್ಲ, ಒಣ ಎಲೆ, ತೊಗಟೆ, ಒದ್ದೆ ಪಾಚಿ, ಅದರೊಳಗೆ ಮುಟ್ಟಿದರೆ ಗೋಲಿಯಂತೆ ಸುತ್ತಿಕೊಳ್ಳುವ ಬೂದು ಬಣ್ಣದ ಹುಳಗಳು. ಹತ್ತು ಹುಳಕ್ಕೆ ಐನೂರು ರೂಪಾಯಿ. ಬಾಯಿ ತಪ್ಪಿ ಅದನ್ನು ಇವರ ಮುಂದೆ ಅಂದುಬಿಟ್ಟೆ.

"ಐನೂರಾ?" ಊಟದ ತಟ್ಟೆಯಿಂದ ಎದ್ದೇಬಿಟ್ಟರು. "ನಮ್ಮ ಸಂಪಿನ ಮುಚ್ಚಳ ಎತ್ತಿದ್ರೆ ಎರಡು ಸಾವಿರ ರೂಪಾಯಿ ಓಡಾಡ್ತಿರುತ್ತಲ್ಲೇ! ನಾನು ಯಾಕೆ ಕಾರ್ಖಾನೆಗೆ ಹೋಗ್ಲಿ?"

ತಿಂಗಳು ಕಳೆದ ಮೇಲೆ ಹತ್ತು ಸೀಗಡಿ ಬಂದವು. ನೀರು ತುಂಬಿದ ಪ್ಲಾಸ್ಟಿಕ್ ಚೀಲ ನನ್ನ ಮಡಿಲಲ್ಲಿ. ಬಸ್ಸು ಹಲಸೂರು ಕೆರೆ ದಾಟಿ ದೊಮ್ಮಲೂರು ಸೇರುವವರೆಗೂ ಎಣಿಸುತ್ತಲೇ ಇದ್ದೆ. ಹೆಂಗಸರಿಗೆ ಬಸ್ಸು ಪುಕ್ಕಟೆ. ಇಡೀ ವ್ಯವಹಾರದಲ್ಲಿ ಕಾಸು ಬೇಡದ್ದು ಅದೊಂದೇ. ಪಕ್ಕದಲ್ಲಿ ಕೂತಿದ್ದ ಹೆಂಗಸು "ಏನ್ರೀ ಅದು, ಹರಕೆ ನೀರಾ?" ಅಂತ ಕೇಳಿದರು. ತೋರಿಸಿದೆ. ತಮ್ಮ ಸ್ಟಾಪು ಬಂದರೂ ಇಳಿಯಲಿಲ್ಲ, ಮುಂದಿನ ಸ್ಟಾಪಿನಲ್ಲಿ ಇಳಿದರು.

ಕಿಟಕಿ ಪಕ್ಕದ ಮೇಜು ನನ್ನ ಹೊಲಿಗೆ ಮೆಷಿನ್ನಿನ ಜಾಗ. ಮೆಷಿನ್ನನ್ನು ಒಳಕೋಣೆಗೆ ಸರಿಸಿ ತೊಟ್ಟಿಯನ್ನು ಅಲ್ಲಿಟ್ಟೆ. ಬೆಳಿಗ್ಗೆ ಎದ್ದ ಕೂಡಲೇ ಹಾಲು ಒಲೆಗಿಟ್ಟು ಒಂದು ಸಲ, ಹಾಲು ಉಕ್ಕಿದ ಮೇಲೆ ಇನ್ನೊಂದು ಸಲ ಹೋಗಿ ನೋಡುವುದು. ಪಾಲಕ್ ಸೊಪ್ಪಿನ ಒಂದೇ ಒಂದು ಎಲೆಯನ್ನು ಬಿಸಿನೀರಲ್ಲಿ ಬಾಡಿಸಿ ಬಿಟ್ಟರೆ ಸಾಕು, ಎಲ್ಲಿದ್ದವೋ ಎಲ್ಲ ಇಳಿದು ಬರುತ್ತವೆ. ಒಂದು ಎಲೆಯ ಸುತ್ತ ಪಂಕ್ತಿ. ನಾಲ್ಕು ಗಂಟೆಯಲ್ಲಿ ಎಲೆಯ ನರ ಮಾತ್ರ ಉಳಿದು ಜರಿ ಬಟ್ಟೆಯಂತಾಗುತ್ತದೆ. ಒಂದು ಬೆಳಿಗ್ಗೆ ಕಲ್ಲಿನ ಪಕ್ಕ ಒಂದು ಸತ್ತು ಬಿದ್ದಿತ್ತು, ಗಾಜಿನಂತೆ ಬಿಳಿಚಿಕೊಂಡು. ಅಳು ಬಂದೇಬಿಟ್ಟಿತು. ಎತ್ತಿ ನೋಡಿದರೆ ಒಳಗೆ ಏನೂ ಇಲ್ಲ. ಮೀಸೆ, ಕಾಲು, ಕಣ್ಣಿನ ಮುಚ್ಚಳ ಎಲ್ಲ ಇರುವ ಖಾಲಿ ಅಂಗಿ! ಅಂಗಿ ಕಳಚಿದವಳು ಅಲ್ಲೇ ಪಾಚಿಯ ಹಿಂದೆ ಹೊಸ ಮೈಯಲ್ಲಿ ನಾಚಿಕೊಂಡು ಕೂತಿದ್ದಳು. ನಲವತ್ತೆಂಟು ವರ್ಷ ಬದುಕಿದ್ದೇನೆ, ಎಷ್ಟೊಂದು ರವಿಕೆ ಹೊಲಿದಿದ್ದೇನೆ. ಒಂದು ಹೊಲಿಗೆಯೂ ಬಿಚ್ಚದೆ ಬೆರಳ ತುದಿಯವರೆಗೆ ಮೈಯಿಂದ ಇಳಿಯುವ ಅಂಗಿ ನೋಡಿದ್ದು ಅವತ್ತೇ.

ಬಾದಾಮಿ ಎಲೆ ಹಾಕಿದರೆ ನೀರಿಗೆ ಒಳ್ಳೆಯದು ಅಂದಿದ್ದರು ಭಾಯ್. ಅಂಗಡಿಯಲ್ಲಿ ಹತ್ತು ಒಣ ಎಲೆಯ ಪ್ಯಾಕೆಟ್ಟಿಗೆ ನೂರು ರೂಪಾಯಿ. ಕಾಡುಬಾದಾಮಿ ಮರ ನಮ್ಮ ಬೀದಿಯ ಕೊನೆಯಲ್ಲೇ ಇದೆ! ಮಾರನೇ ದಿನವೇ ಕೈಚೀಲ ಹಿಡಿದು ಹೋಗಿ ಕೆಂಪಗೆ ಒಣಗಿ ಬಿದ್ದ ಎಲೆ ಆರಿಸತೊಡಗಿದೆ. ಕಸ ಗುಡಿಸುವ ಹೆಂಗಸು ಪೊರಕೆ ಊರಿ ನಿಂತು ನೋಡಿದಳು. "ಏನಮ್ಮಾ, ನನ್ ಕೆಲ್ಸಕ್ಕೆ ಕಣ್ಣು ಹಾಕಿದ್ದೀರಾ?" ಅಂದಳು. ಆಮೇಲಾಮೇಲೆ ಒಳ್ಳೇ ಎಲೆ ಕಂಡರೆ ಅವಳೇ ಬೇರೆ ತೆಗೆದಿಡುತ್ತಿದ್ದಳು.

ಕೆಳಗಿನ ಬಾಡಿಗೆ ಕೋಣೆಯಲ್ಲಿ ಕಲಬುರಗಿ ಕಡೆಯ ಒಂದು ಸಂಸಾರ ಇದೆ. ಗಂಡ ಕಟ್ಟಡಗಳಿಗೆ ಬಣ್ಣ ಬಳಿಯುವ ಕೆಲಸ, ಹೆಂಡತಿ ಇಂದಿರಾನಗರದ ಒಂದು ಆಫೀಸಿನಲ್ಲಿ ಕಸ ಗುಡಿಸಿ ಒರೆಸುವ ಕೆಲಸ. ಅವಳು ಒಂದು ದಿನ ಮೇಲೆ ಬಂದವಳು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

"ಯವ್ವಾ, ಇವಕ್ಕ ಲೈಟ್ ಬ್ಯಾರೆ! ಗಾಳಿ ಬ್ಯಾರೆ! ನಮ್ಮ ಖೋಲಿಗಿಂತ ಇವುರ್ದೇ ಛಲೋ ಅದ ನೋಡ್ರಿ ಅಕ್ಕೋರೆ."

ನಗುತ್ತಲೇ ಅಂದಳು, ನಾನೂ ನಕ್ಕೆ. ಅವಳು ಇಳಿದುಹೋದ ಮೇಲೆ ನೆನಪಾಯಿತು: ಅವರ ಬಾಗಿಲ ಮುಂದಿನ ಬಲ್ಬು ಸುಟ್ಟು ಎರಡು ವಾರವಾಗಿದೆ, ಅವಳು ಎರಡು ಸಲ ಹೇಳಿಯೂ ಇದ್ದಾಳೆ. ಮಾರನೇ ದಿನ ಹಾಕಿಸಿದೆ.

ಏಪ್ರಿಲ್ ಬಿಸಿಲಿಗೆ ನಾಲ್ಕು ಸತ್ತವು. ಟೇಬಲ್ ಫ್ಯಾನನ್ನು ನೀರಿನ ಕಡೆ ತಿರುಗಿಸಿ, ನಾವಿಬ್ಬರೂ ಬೆವರುತ್ತಾ ಕೂತೆವು. ಮತ್ತೆ ಹತ್ತು ತಂದೆ. ಎರಡು ಸತ್ತವು. ಮತ್ತೆ ಹತ್ತು. ಮೂರನೇ ಸಲ ಚೀಲ ಹಿಡಿದು ಒಳಗೆ ಬಂದಾಗ ಇವರು ಪೇಪರು ಮಡಚಿಟ್ಟರು.

"ನೋಡು, ಕುರಿ ಸಾಕಿದ್ರೆ ಮಂದೆ ಬೆಳೀಬೇಕು. ಸತ್ತಷ್ಟು ತಂದು ತುಂಬ್ಸೋದು ಸಾಕಣೆ ಅಲ್ಲ ಕಣೇ, ಖರೀದಿ. ಒಂದಾದ್ರೂ ಮರಿ ಆಯ್ತಾ?"

"ಇನ್ನೂ ಇಲ್ಲ."

"ನೀನು ಒಳಗಡೆ ಕತ್ತಲಲ್ಲಿ ಕೂತು ಹೊಲಿದು ಕಣ್ಣು ಕೆಡಿಸ್ಕೊಳ್ತಿದ್ದೀಯ. ಮೆಷಿನ್ನು ನಿನ್ನ ಅನ್ನ. ಆಯುಧಪೂಜೆ ದಿನ ಅದು ಕಿಟಕಿ ಹತ್ರ, ಅದರ ಜಾಗದಲ್ಲಿ ಕೂತು ಪೂಜೆ ಮಾಡಿಸ್ಕೋಬೇಕು. ಅಷ್ಟರೊಳಗೆ ನಿನ್ ಸೀಗಡಿ ಮರಿ ಮಾಡಿದ್ರೆ ಮಾತೇ ಇಲ್ಲ, ತೊಟ್ಟಿ ಇರ್ಲಿ. ಇಲ್ಲಾಂದ್ರೆ ಯಾರಿಗಾದ್ರೂ ಕೊಟ್ಟುಬಿಡೋಣ. ಒಪ್ಪಿಗೇನಾ?"

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಸೂಜಿಗೆ ದಾರ ಪೋಣಿಸೋಕೆ ನಾನು ಬಾಗಿಲ ಬೆಳಕಿಗೆ ಬರುತ್ತಿದ್ದುದನ್ನು ಅವರು ನೋಡಿದ್ದರು. ಒಪ್ಪಿಗೆ ಅಂದೆ. ಅಂದ ಕ್ಷಣದಿಂದ ಸಂಕಟ ಶುರುವಾಯಿತು. ದಿನಾ ಒಂದೊಂದರ ಹೊಟ್ಟೆ ನೋಡುವುದು. ಆಷಾಢ ಹೋಯಿತು. ಶ್ರಾವಣ ಬಂತು. ಎಲ್ಲರೂ ಪಾಲಕ್ ತಿಂದುಕೊಂಡು ಆರಾಮಾಗಿದ್ದರು.

ಗೌರಿ ಹಬ್ಬಕ್ಕೆ ಇನ್ನು ಎರಡು ವಾರ ಇದೆ ಅನ್ನುವಾಗ, ಒಂದು ಮಧ್ಯಾಹ್ನ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ತೊಟ್ಟಿಯ ಹತ್ತಿರ ಹೋದೆ. ಎಲ್ಲರಿಗಿಂತ ದಪ್ಪಗಿದ್ದವಳು, ಸದಾ ಸ್ಪಂಜಿನ ಮೇಲೆ ಕೂರುವವಳು, ಹೊಟ್ಟೆಯಡಿ ಏನೋ ಹಿಡಿದುಕೊಂಡಿದ್ದಳು. ಹಳದಿ ಹಸಿರು ಸಾಸಿವೆಕಾಳು. ಒಂದಲ್ಲ, ಗೊಂಚಲು! ಹೊಟ್ಟೆಯ ಕೆಳಗಿನ ಪುಟ್ಟ ಕಾಲುಗಳಿಂದ ಅದಕ್ಕೆ ಗಾಳಿ ಹಾಕುತ್ತಾ, ಒಂದೊಂದೇ ಮೊಟ್ಟೆಯನ್ನು ಉರುಳಿಸುತ್ತಾ ಶುಚಿ ಮಾಡುತ್ತಿದ್ದಳು. ನಾನು ಕೂಗಿದ ಕೂಗಿಗೆ ಬಾಯಲ್ಲಿದ್ದ ಗುಂಡುಸೂಜಿಗಳೆಲ್ಲ ನೆಲದ ಮೇಲೆ. ಸಂಜೆ ಇವರು ಬಂದು ಚಪ್ಪಲಿ ಬಿಡುವ ಮೊದಲೇ ಕೈ ಹಿಡಿದು ಎಳೆದುಕೊಂಡು ಹೋದೆ.

"ಇದೆಲ್ಲಾ ಮೊಟ್ಟೇನಾ? ಇಷ್ಟೊಂದಾ?"

"ತಿಂಗಳು ಬೇಕಂತೆ. ಆಯುಧಪೂಜೆ ಒಳಗೇ ಆಗುತ್ತೆ ರೀ!"

"ಆಗ್ಲಿ ನೋಡೋಣ. ಮೊಟ್ಟೆ ಮರಿ ಅಲ್ಲ."

ಆಗುತ್ತಿತ್ತು, ನಾನು ಸುಮ್ಮನಿದ್ದಿದ್ದರೆ.

ನಮಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ನಲ್ಲಿಯಿಂದ ನೇರವಾಗಿ ತೊಟ್ಟಿಗೆ ಹಾಕುವ ಹಾಗಿಲ್ಲ, ಕ್ಲೋರಿನ್ನು ಇರುತ್ತದೆ. ಬಿಳಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಿಡಿದು ಒಂದೆರಡು ದಿನ ಇಟ್ಟು, ವಾಸನೆ ಹೋದ ಮೇಲೆ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬದಲಾಯಿಸುವುದು ನನ್ನ ಪದ್ಧತಿ. ಹಬ್ಬದ ವಾರ ಆ ಬಕೆಟ್ಟಿನಲ್ಲಿ ಸೇವಂತಿಗೆ ಹೂ ಇಟ್ಟಿದ್ದೆ. ಬೇರೆ ಬಕೆಟ್ಟುಗಳೆಲ್ಲ ಸೋಪು ಕಂಡಿದ್ದವು. ಅಡುಗೆಮನೆಯಲ್ಲಿ ನಮ್ಮ ಅತ್ತೆಯ ತಾಮ್ರದ ಕೊಡ ಇತ್ತು. ಹಬ್ಬಕ್ಕೆಂದು ಹುಣಸೆಹಣ್ಣು ಹಾಕಿ ತಿಕ್ಕಿ, ಮುಖ ನೋಡಿಕೊಳ್ಳುವಷ್ಟು ಹೊಳಪು ಬರಿಸಿದ್ದೆ. ತಾಮ್ರದ ಕೊಡದ ನೀರಿಗಿಂತ ಒಳ್ಳೇ ನೀರು ಯಾವುದಿದೆ? ರಾತ್ರಿ ತುಂಬಿಟ್ಟು ಬೆಳಿಗ್ಗೆ ಕುಡಿದರೆ ಹೊಟ್ಟೆಗೆ ಹಿತ ಅಂತ ನಮ್ಮ ಅತ್ತೆ ಕೊನೆಯವರೆಗೂ ಅದರಲ್ಲೇ ಕುಡಿದವರು. ತೊಟ್ಟಿಯಲ್ಲಿ ಬಸುರಿ ಬೇರೆ ಇದ್ದಾಳೆ, ಹಬ್ಬಕ್ಕೆ ಅವರಿಗೂ ಒಳ್ಳೇ ನೀರು ಸಿಗಲಿ ಅಂದುಕೊಂಡೆ. ಕೊಡ ತುಂಬಿಸಿ, ಕ್ಲೋರಿನ್ನು ಹೋಗಲಿ ಅಂತ ಎರಡು ದಿನ ಇಟ್ಟೆ.

ಗೌರಿ ಹಬ್ಬದ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ತೊಟ್ಟಿಯ ಮೂರನೇ ಒಂದು ಭಾಗ ನೀರು ತೆಗೆದು ಕೊಡದ ನೀರನ್ನು ಮೆಲ್ಲಗೆ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ನೋಡಿದರೆ ಏನು ಸಂಭ್ರಮ ಅಂತೀರಿ! ಯಾವತ್ತೂ ನಿಧಾನವಾಗಿ ನಡೆಯುವವರು ಈಜುತ್ತಿದ್ದರು. ಮೇಲಕ್ಕೆ, ಕೆಳಕ್ಕೆ, ಗಾಜಿನುದ್ದಕ್ಕೂ ಸರ್ರನೆ. ತೊಟ್ಟಿ ತುಂಬ ಕೆಂಪು ಗೆರೆಗಳು.

"ರೀ, ಬನ್ನಿ ಇಲ್ಲಿ! ಹೊಸ ನೀರು ಸಿಕ್ಕಿ ಕುಣೀತಿದ್ದಾವೆ ನೋಡಿ!"

ಇವರು ಹೊಸ ಪಂಚೆ ಕಟ್ಟಿಕೊಂಡು ಬಂದು ನಿಂತರು. ಇಬ್ಬರೂ ನೋಡಿ ನಕ್ಕೆವು. ನಕ್ಕೆವು ಅನ್ನುವುದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ.

ಒಂದು ಪಕ್ಕಕ್ಕೆ ವಾಲಿತು. ಎದ್ದೇಳುವುದಕ್ಕೆ ನೋಡಿ ಮತ್ತೆ ವಾಲಿತು. ಇನ್ನೊಂದು ಬೆನ್ನ ಮೇಲೆ ಬಿದ್ದು ಕಾಲಾಡಿಸತೊಡಗಿತು. ಇವರೇ ಮೊದಲು ಅಂದಿದ್ದು: "ಇದು ಕುಣಿತ ಅಲ್ಲ ಕಣೇ."

ಭಾಯ್‌ಗೆ ಫೋನು ಹಚ್ಚಿದೆ. ಅಂಗಡಿ ಇನ್ನೂ ತೆರೆದಿರಲಿಲ್ಲ, ಪುಣ್ಯಕ್ಕೆ ಎತ್ತಿದರು.

"ಏನ್ ಹಾಕಿದ್ರಿ ಅಮ್ಮಾ?"

"ನೀರು ಭಾಯ್. ಬರೀ ನೀರು. ಎರಡು ದಿನ ಇಟ್ಟಿದ್ದು."

"ಸೊಳ್ಳೆ ಔಷಧಿ? ಫಿನಾಯಿಲ್?"

"ಏನೂ ಇಲ್ಲ. ಶುದ್ಧ ನೀರು. ತಾಮ್ರದ ಕೊಡದಲ್ಲಿಟ್ಟಿದ್ದು, ಹುಣಸೆಹಣ್ಣಲ್ಲಿ ತೊಳೆದು..."

"ಅಮ್ಮಾ, ತಾಮ್ರ ನಮಗೆ ದವಾ, ಇವಕ್ಕೆ ಜಹರ್. ವಿಷ. ಆಚೆ ತೆಗೀರಿ, ಈಗ್ಲೇ! ಬೇರೆ ನೀರಿಗೆ ಹಾಕಿ. ನಲ್ಲಿ ನೀರು ಬೇಡ, ಕುಡಿಯೋ ಕ್ಯಾನ್ ನೀರೂ ಬೇಡ. ಇಟ್ಟಿರೋ ನೀರು, ಪ್ಲಾಸ್ಟಿಕ್‌ನಲ್ಲಿ ಇಟ್ಟಿರೋದು."

ಎಲ್ಲಿದೆ? ನಮ್ಮ ಮೇಲಿನ ಟ್ಯಾಂಕಿನಲ್ಲಿ ಬೋರಿನ ಗಡಸು ನೀರು ಬೆರೆತಿರುತ್ತದೆ. ಸಂಪಿಗೆ ಆಗಷ್ಟೇ ಹೊಸ ನೀರು ಬಂದಿತ್ತು. ಹೂವಿನ ಬಕೆಟ್ಟಿನ ನೀರಲ್ಲಿ ಏನೇನಿದೆಯೋ. ತಟ್ಟನೆ ಹೊಳೆಯಿತು, ಕೆಳಗಿನ ಕೋಣೆಯ ಮುಂದೆ ಒಂದು ನೀಲಿ ಡ್ರಮ್ಮು ಇದೆ! ಮೆಟ್ಟಿಲಿಳಿದು ಓಡಿದೆ. ಅವಳು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಳು.

"ನಿಮ್ಮ ಡ್ರಮ್ಮಿನ ನೀರು ಯಾವತ್ತಿನದು?"

"ಮೊನ್ನಿದು ರಿ. ಯಾಕ್ರಿ ಅಕ್ಕೋರೆ, ಏನಾತು?"

ಹೇಳಿದೆ. ಹೇಗೆ ಹೇಳಿದೆನೋ, ಅವಳಿಗೆ ಅರ್ಥವಾಯಿತು. ಆ ಡ್ರಮ್ಮಿನಲ್ಲಿ ಅರ್ಧದಷ್ಟು ನೀರಿತ್ತು. ಅವರಿಗೆ ಅವತ್ತಿನ ಸ್ನಾನಕ್ಕೆ, ಪಾತ್ರೆಗೆ, ಹಬ್ಬಕ್ಕೆ ಇದ್ದದ್ದು ಅಷ್ಟೇ. ಸಂಪಿನ ಹೊಸ ನೀರು ಅವರ ನಲ್ಲಿಗೆ ಬರುವುದು ಸಂಜೆಗೇ. ಅವಳು ರಂಗೋಲಿ ಪುಡಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಗಂಡನ ಬಣ್ಣದ ಡಬ್ಬಿ ಎತ್ತಿದಳು, ಖಾಲಿಯಾದ ಮೇಲೆ ಉಜ್ಜಿ ತೊಳೆದು ವರ್ಷದಿಂದ ನೀರಿಗೆ ಬಳಸುತ್ತಿದ್ದ ಬಿಳಿ ಬಕೆಟ್ಟು. ಡ್ರಮ್ಮಿನಿಂದ ಮೊಗೆದು ತುಂಬಿದಳು.

"ನಿಮಗೆ ಸ್ನಾನಕ್ಕೆ?" ಅಂದೆ.

"ನಮ್ಮ ಜಳಕ ಓಡಿ ಹೋಗ್ತದೇನ್ರಿ? ನಡೀರಿ ನಡೀರಿ, ಜೀವ ಹೋಗ್ಲತ್ತಾವ."

ಹೊಸ ಪಂಚೆಯಲ್ಲಿ ಮಂಡಿಯೂರಿ, ಟೀ ಸೋಸುವ ಜರಡಿ ಹಿಡಿದು ಇವರು ಎತ್ತಿದರು. ಅವಳು ಬಕೆಟ್ಟು ಹಿಡಿದಳು. ನಾನು ಬರೀ ತೋರಿಸಿದೆ: ಅಲ್ಲಿ, ಎಲೆ ಕೆಳಗೆ, ಕಲ್ಲಿನ ಹಿಂದೆ. ಇಪ್ಪತ್ತನಾಲ್ಕರಲ್ಲಿ ಇಪ್ಪತ್ತಮೂರನ್ನು ದಾಟಿಸಿದೆವು. ಪಂಪನ್ನು ತಂದು ಬಕೆಟ್ಟಿಗೆ ಹಾಕಿದೆವು. ಬಾಗಿನ ಕೊಡೋಕೆ ಬಂದ ಪಕ್ಕದ ಮನೆಯವರು ಬಾಗಿಲಲ್ಲಿ ಕಾದು ನಿಂತಿದ್ದರು.

ಸಾಯಂಕಾಲಕ್ಕೆ ಆರು ಉಳಿದಿದ್ದವು. ದಪ್ಪಗಿನವಳು ಬಕೆಟ್ಟಿನ ತಳದಲ್ಲಿ ಅಲ್ಲಾಡದೆ ಕೂತಿದ್ದಳು. ಮೊಟ್ಟೆಗಳು ಇನ್ನೂ ಹೊಟ್ಟೆಯಡಿಯಲ್ಲಿದ್ದವು. ಬದುಕಿವೆಯೋ ಇಲ್ಲವೋ ಯಾರು ಹೇಳಬೇಕು? ಇವರು ಪಕ್ಕದಲ್ಲಿ ಬಂದು ಕೂತು, "ಮೂವತ್ತು ವರ್ಷ ಲೋಹದ ಜೊತೆ ಬಾಳಿದವನು ನಾನು. ಹುಳಿ ಹಾಕಿ ಉಜ್ಜಿದ ತಾಮ್ರ ನೀರಿಗೆ ಬಿಡುತ್ತೆ ಅಂತ ನನಗೂ ಹೊಳೀಲಿಲ್ಲ ನೋಡು" ಅಂದರು. ಆ ಮಾತಿಗೆ ಅಳು ಇನ್ನೂ ಜಾಸ್ತಿಯಾಯಿತು. ತಿಳಿಯದೆ ಮಾಡಿದ್ದು ಅನ್ನುವುದು ನಿಜ. ಆದರೆ ದಿನಾ ಎಣಿಸಿದ ಜೀವಗಳು. ನನ್ನ ಕೈಯಾರೆ, ಅದೂ ಅತ್ಯಂತ ಪ್ರೀತಿಯಿಂದ ಸುರಿದ ನೀರು.

ನಾಲ್ಕು ದಿನ ಕಳೆದ ಮೇಲೆ ನಾನೇ ಹೇಳಿದೆ. "ಮೆಷಿನ್ನು ಕಿಟಕಿ ಹತ್ರ ತಂದಿಡಿ. ಇವನ್ನ ವಾಪಸ್ ಕೊಟ್ಟು ಬರ್ತೀನಿ. ಸಾಕೋ ಯೋಗ್ಯತೆ ನನಗಿಲ್ಲ."

ಇವರು ಮೆಷಿನ್ನು ಎತ್ತಲಿಲ್ಲ. "ಆಯುಧಪೂಜೆ ಇನ್ನೂ ಬಂದಿಲ್ವಲ್ಲ" ಅಂದರು ಅಷ್ಟೇ.

ಆದರೂ ಹೋದೆ. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಕೆಟ್ಟಿನದೇ ನೀರು, ಒಂದು ತುಣುಕು ಪಾಚಿ, ಆರು ಸೀಗಡಿ. ಬಸ್ಸಿನಲ್ಲಿ ಈ ಸಲ ಯಾರಿಗೂ ತೋರಿಸಲಿಲ್ಲ. ಅಂಗಡಿಯಲ್ಲಿ ಡಬ್ಬಿಯನ್ನು ಮುಂದಿಟ್ಟು, "ದುಡ್ಡು ಬೇಡ ಭಾಯ್. ಇಟ್ಕೊಳಿ" ಅಂದೆ.

ಅವರು ಡಬ್ಬಿಯನ್ನು ಮೇಲೆತ್ತಿ, ಮೊಬೈಲಿನ ಟಾರ್ಚನ್ನು ಅಡಿಯಿಂದ ಹಿಡಿದರು. ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಗಡ್ಡದೊಳಗೇ ನಗು ಹರಡಿತು.

"ಏನಮ್ಮಾ, ಬಸುರೀನ ಹೆರಿಗೆಗೆ ತವರಿಗೆ ಕರ್ಕೊಂಡ್ ಬಂದ್ಬಿಟ್ರಾ? ನಮ್ಮಲ್ಲಿ ಜಾಗ ಇಲ್ಲ. ಇಲ್ಲಿ ಬನ್ನಿ. ಕನ್ನಡಕ ಹಾಕ್ಕೊಳಿ. ಮೊಟ್ಟೇಲಿ ಏನ್ ಕಾಣುತ್ತೆ?"

ಕನ್ನಡಕ ಹಾಕಿಕೊಂಡೆ. ಸಾಸಿವೆಕಾಳು ಈಗ ಸಾಸಿವೆಕಾಳಿನ ಹಾಗಿರಲಿಲ್ಲ, ಒಳಗೆ ತಿಳಿಯಾಗಿತ್ತು. ಒಂದೊಂದರಲ್ಲೂ ಎರಡೆರಡು ಕರಿ ಚುಕ್ಕಿ.

"ಕಣ್ಣು" ಅಂದರು ಭಾಯ್. "ಮಕ್ಕಳ ಕಣ್ಣು. ಇನ್ನೊಂದು ವಾರ, ಜಾಸ್ತಿ ಅಂದ್ರೆ ಹತ್ತು ದಿನ."

"ಬದುಕಿದ್ದಾವಾ?"

"ಸತ್ತ ಮೊಟ್ಟೇಲಿ ಕಣ್ಣು ಬರುತ್ತಾ? ಮನೆಗೆ ಹೋಗಿ. ಆ ತೊಟ್ಟಿಗೆ ಹಾಕ್ಬೇಡಿ, ಮಣ್ಣು ತಾಮ್ರ ಕುಡಿದಿರುತ್ತೆ, ಬಿಸಾಡಿ. ಬಕೆಟ್ಟಲ್ಲೇ ಇರ್ಲಿ. ನೀರು ಬದಲಾಯಿಸ್ಬೇಡಿ, ಕಡಿಮೆ ಆದಷ್ಟೇ ಹನಿ ಹನಿ ತುಂಬ್ಸಿ. ಬಾದಾಮಿ ಎಲೆ ಹಾಕಿ. ಜಾಸ್ತಿ ಪ್ರೀತಿ ಮಾಡ್ಬೇಡಿ, ಅಷ್ಟೇ."

ಎಂಟುನೂರು ರೂಪಾಯಿ ಮಣ್ಣು ಬಿಸಾಡಿ ಅಂದದ್ದು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಡಬ್ಬಿಯನ್ನು ಎದೆಗೊತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹಲಸೂರಿನವರೆಗೂ ಒಂದು ಕೈಲಿ ಕಂಬಿ, ಒಂದು ಕೈಲಿ ಡಬ್ಬಿ. ಕಾಲೇಜು ಹುಡುಗಿಯೊಬ್ಬಳು ಎದ್ದು ಜಾಗ ಬಿಟ್ಟಳು. "ಆಂಟಿ, ಅದರಲ್ಲಿ ಏನಿದೆ?" ಅಂದಳು. "ಬಾಣಂತಿ ಆಗೋಳು ಇದ್ದಾಳೆ ಕಣಮ್ಮ" ಅಂದೆ. ಆ ಹುಡುಗಿ ಪಾಪ, ನನ್ನನ್ನೇ ಒಂದು ಥರ ನೋಡಿದಳು.

ಆ ಒಂಬತ್ತು ದಿನ ನಾನು ಹೇಗೆ ಕಳೆದೆ ಅಂತ ಕೇಳಬೇಡಿ. ಬಣ್ಣದ ಬಕೆಟ್ಟು ಕಿಟಕಿ ಪಕ್ಕದ ಮೇಜಿನ ಮೇಲೆ. ಕೆಳಗಿನ ಮನೆಯವಳು ಕೆಲಸಕ್ಕೆ ಹೋಗುವ ಮೊದಲು ಒಂದು ಸಲ ಮೆಟ್ಟಿಲ ಬುಡದಿಂದಲೇ ಕೂಗುತ್ತಿದ್ದಳು: "ಆತೇನ್ರಿ ಅಕ್ಕೋರೆ?" ಇಲ್ಲಮ್ಮಾ ಅನ್ನುತ್ತಿದ್ದೆ. ಮೊಟ್ಟೆಯ ಗೊಂಚಲು ಒಂದು ದಿನ ಸ್ವಲ್ಪ ಕಡಿಮೆಯಾದಂತೆ ಕಂಡಿತು. ಉದುರಿಸಿಬಿಟ್ಟಳಾ? ತಳದಲ್ಲಿ ಹುಡುಕಿದೆ, ಏನೂ ಇಲ್ಲ. ರವಿಕೆಯೊಂದಕ್ಕೆ ಎರಡೂ ತೋಳು ಒಂದೇ ಕಡೆಗೆ ಹಚ್ಚಿ ಬಿಚ್ಚಬೇಕಾಯಿತು. ಇವರು ಮಾತ್ರ ಬಕೆಟ್ಟಿನ ಹತ್ತಿರ ಬರಲೇ ಇಲ್ಲ. ದೂರದಿಂದಲೇ ನನ್ನ ಮುಖ ನೋಡಿ ಸುದ್ದಿ ತಿಳಿದುಕೊಳ್ಳುತ್ತಿದ್ದರು.

ಒಂಬತ್ತನೇ ದಿನ ಬೆಳಿಗ್ಗೆ, ಹಾಲಿನ್ನೂ ಒಲೆಗೆ ಇಟ್ಟಿರಲಿಲ್ಲ. ಬಕೆಟ್ಟಿನೊಳಗೆ ಬಗ್ಗಿದೆ. ದಪ್ಪಗಿನವಳು ತಳದಲ್ಲಿ ನಡೆಯುತ್ತಿದ್ದಳು, ಹೊಟ್ಟೆಯಡಿ ಖಾಲಿ. ಆಗ ಬಕೆಟ್ಟಿನ ಬಿಳಿ ಗೋಡೆಯ ಮೇಲೆ ಒಂದು ಕೂದಲೆಳೆಯ ತುಂಡು ಜೀವ ಬಂದಂತೆ ಚಿಮ್ಮಿತು. ಚಿಮ್ಮಿ, ಬೇರೆ ಕಡೆ ಅಂಟಿಕೊಂಡು, ಎರಡು ಕೈಯಿಂದ ಏನನ್ನೋ ಎತ್ತಿ ಬಾಯಿಗೆ ಹಾಕಿಕೊಂಡಿತು. ಗಾಜಿನ ಮೈ, ಎರಡು ಕರಿ ಕಣ್ಣು, ಬೆನ್ನ ಮೇಲೆ ಇನ್ನೂ ಬಣ್ಣ ಕೂಡಿರದ ಕೆಂಪು ಪುಡಿ. ಮೀಸೆ ಕೂಡ ಇತ್ತು! ಹುಟ್ಟುತ್ತಲೇ ಎಲ್ಲ ಇತ್ತು!

"ರೀ! ರೀ! ಬನ್ರೀ!"

ಇವರು ಕಾರ್ಖಾನೆಯ ಷರ್ಟಿನ ಅರ್ಧ ಗುಂಡಿ ಹಾಕಿಕೊಂಡು ಬಂದರು. ಬಗ್ಗಿದರು. "ಎಲ್ಲಿ? ಏನೂ ಕಾಣಲ್ವಲ್ಲೇ." ಬೆರಳಿಟ್ಟು ತೋರಿಸಿದೆ. ಇನ್ನೂ ಬಗ್ಗಿದರು. ಕಂಡ ಕ್ಷಣ ಬಾಯಿಂದ ಒಂದು ಸದ್ದು ಬಂತು, ಮಾತಲ್ಲ. ಎದ್ದು ಒಳಗೆ ಹೋದವರು ತಮ್ಮ ಕಾರ್ಖಾನೆ ಸಾಮಾನಿನ ಡಬ್ಬಿಯಿಂದ ಭೂತಗನ್ನಡಿ ತಂದರು. ಮೇಜಿನ ಮುಂದೆ ಮಂಡಿಯೂರಿ ಕೂತರು.

"ಒಂದು. ಎರಡು. ಇಗೋ ಮೂರು. ಏ, ಇದು ಓಡ್ತು, ಮತ್ತೆ ಮೊದಲಿಂದ. ಟಾರ್ಚ್ ಹಿಡಿ ನೀನು, ಹಿಂಗಲ್ಲ, ಪಕ್ಕದಿಂದ."

"ಆತೇನ್ರಿ ಅಕ್ಕೋರೆ?" ಕೆಳಗಿನಿಂದ ಕೂಗು ಬಂತು.

"ಆಯ್ತು! ಬಾರಮ್ಮಾ ಮೇಲೆ! ಆಯ್ತು!"

ಅವಳು ಎರಡೆರಡು ಮೆಟ್ಟಿಲು ಹಾರಿ ಬಂದಳು. ಬಕೆಟ್ಟಿನ ಮೇಲೆ ಮೂರು ತಲೆ. ಅವಳ ಉಸಿರಿಗೆ ನೀರು ಅಲುಗಿ ಹನ್ನೊಂದರಲ್ಲಿ ಎಣಿಕೆ ತಪ್ಪಿತು. ಇವರು ಅವಳಿಗೂ ಗದರಿದರು. ಅವಳು ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. "ಇದೇನ್ರಿ ಸಾವ್ಕಾರ್ರ, ಮಕ್ಕಳ ಲೆಕ್ಕ ಹಿಂಗ ಎಣಿಸಬಾರ್ದು, ದೃಷ್ಟಿ ಆಗ್ತದ."

ಅಷ್ಟರಲ್ಲಿ ಕಾರ್ಖಾನೆಯ ಸೈರನ್ನು ಕೂಗಿತು. ನಮ್ಮ ಬೀದಿಗೆಲ್ಲ ಗಡಿಯಾರ ಅದೇ.

"ರೀ, ಸೈರನ್ನು. ಹೊತ್ತಾಯ್ತು."

"ಕೇಳಿಸ್ತು ಕಣೇ." ಭೂತಗನ್ನಡಿ ಅಲ್ಲಾಡಲಿಲ್ಲ. "ಮೆಷಿನ್ನಿಗೆ ಬಾಗಿಲ ಪಕ್ಕ ಜಾಗ ಮಾಡೋಣ, ಅಲ್ಲೂ ಬೆಳಕಿದೆ. ಹದಿನಾರು... ಹದಿನೇಳು... ಏಯ್, ಆ ಎಲೆ ಸ್ವಲ್ಪ ಎತ್ತು, ಮೆಲ್ಲಗೆ! ಅದರ ಕೆಳಗೊಂದು ದೊಡ್ಡ ಗುಂಪೇ ಇದೆ!"